ಒದೆಯಲು ಬಲ್ಲ ನಾಯಕ

ಬಸವನ ಬಾಗೇವಾಡಿಯ ಶ್ರಾವಣದ ಜಾತ್ರೆಯಲ್ಲಿ ಕುಸ್ತಿ ನೋಡುವವರ ಕಣ್ಣು ಪೈಲ್ವಾನನ ಮುಖದ ಮೇಲಿರುವುದಿಲ್ಲ, ಕಾಲಿನ ಮೇಲಿರುತ್ತದೆ. ಯಾರ ಹೆಜ್ಜೆ ಸಡಿಲಾಯಿತು, ಯಾರು ಸೊಂಟ ತಗ್ಗಿಸಿ ಒಳಗೆ ನುಗ್ಗಿದ, ಯಾರು ಬರೀ ತೊಡೆ ತಟ್ಟಿ ಹೊತ್ತು ಕಳೆಯುತ್ತಿದ್ದಾನೆ ಎಂಬುದು ಕಣದ ಸುತ್ತ ಕೂತ ಮುದುಕರಿಗೆ ಕೂಡಲೇ ತಿಳಿದುಬಿಡುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆ ಗರಡಿ ಮನೆಯ ಮಣ್ಣು ಮೆತ್ತಿಕೊಂಡು ಬೆಳೆದವರು ಇದೇ ಕಣ್ಣನ್ನು ಟಾಕೀಜಿಗೂ ಒಯ್ಯುತ್ತಾರೆ. ಹೀರೊ ಕೈ ಬೀಸಿದ ಕೂಡಲೇ ಹತ್ತು ಮಂದಿ ಗಾಳಿಯಲ್ಲಿ ಹಾರಿದರೆ ಸೀಟಿ ಹೊಡೆದಾರು, ನಂಬಲಾರರು. ಈ ಸೀಮೆಯ ಪ್ರೇಕ್ಷಕರಿಗೆ ನಾನು ಹೇಳುವ ಹೆಸರು, ಕಡೆಗಣನೆಗೆ ಒಳಗಾದ ನಟ ಅರ್ಜುನ್ ಸರ್ಜಾ.

ತಮಿಳಿನಲ್ಲಿ ‘ಆಕ್ಷನ್ ಕಿಂಗ್’ ಅನ್ನಿಸಿಕೊಂಡವನನ್ನು ಕಡೆಗಣಿಸಿದವರು ಯಾರು ಎಂದು ಕೇಳಬಹುದು. ನಾವೇ. ಮಧುಗಿರಿಯ ಹುಡುಗ, ನಟ ಶಕ್ತಿಪ್ರಸಾದ್ ಅವರ ಮಗ. ಬ್ರೂಸ್ ಲೀಯ ‘ಎಂಟರ್ ದ ಡ್ರಾಗನ್’ ನೋಡಿ ಹುಚ್ಚು ಹಿಡಿಸಿಕೊಂಡು ಕರಾಟೆ ಕಲಿತು ಬ್ಲ್ಯಾಕ್ ಬೆಲ್ಟ್ ಪಡೆದವರು. 1981ರಲ್ಲಿ ರಾಜೇಂದ್ರಸಿಂಗ್ ಬಾಬು ಅವರ ‘ಸಿಂಹದ ಮರಿ ಸೈನ್ಯ’ದಲ್ಲಿ ಕಾಣಿಸಿಕೊಂಡರು. 1984ರಲ್ಲಿ ‘ನಂಡ್ರಿ’ ಮೂಲಕ ತಮಿಳಿಗೆ ಹೋದರು, ಅಲ್ಲೇ ಬೇರುಬಿಟ್ಟರು. ಇತ್ತ ‘ಕರಾಟೆ ಕಿಂಗ್’ ಪಟ್ಟವನ್ನು ಕನ್ನಡಿಗರು ಕಟ್ಟಿದ್ದು ಶಂಕರ್ ನಾಗ್ ಅವರಿಗೆ. ಶಂಕರ್ ಮೇಲೆ ನನಗೂ ಪ್ರೀತಿಯೇ. ಆದರೆ ಅವರ ಫೈಟುಗಳಲ್ಲಿ ಗೆಲ್ಲುವುದು ಚುರುಕುತನ, ಹುಮ್ಮಸ್ಸು. ಕರಾಟೆಯನ್ನು ಅಲ್ಲಿ ಹುಡುಕಬಾರದು. ಡಬ್ಬಿಂಗ್ ಬೇಡವೆಂಬ ಕಟ್ಟುಪಾಡೂ ಇದ್ದುದರಿಂದ ಅರ್ಜುನ್ ಅವರ ತಮಿಳು ಚಿತ್ರಗಳು ಕನ್ನಡದಲ್ಲಿ ಮಾತಾಡಲಿಲ್ಲ. ನಮ್ಮ ಕಡೆಯ ಎಷ್ಟೋ ಮಂದಿ ಈ ಕನ್ನಡಿಗನನ್ನು ನೋಡಿದ್ದು ಟಿವಿಯಲ್ಲಿ, ಹಿಂದಿ ದನಿಯಲ್ಲಿ!

ಅವರ ಒದೆತವನ್ನು ಒಮ್ಮೆ ನಿಧಾನಕ್ಕೆ ನೋಡಿ. ಮೊದಲು ಮೊಣಕಾಲು ಎದೆಯ ಕಡೆಗೆ ಬರುತ್ತದೆ, ನಿಂತ ಕಾಲಿನ ಹಿಮ್ಮಡಿ ತಿರುಗುತ್ತದೆ, ಅದರ ಹಿಂದೆಯೇ ಸೊಂಟ, ಕಟ್ಟಕಡೆಗೆ ಪಾದ. ಕಲಿಯದವನು ಒದೆಯುವಾಗ ಪಾದವೇ ಮೊದಲು ಹೊರಡುತ್ತದೆ, ಮೈ ಹಿಂದಕ್ಕೆ ವಾಲುತ್ತದೆ, ಅದನ್ನು ಮುಚ್ಚಲು ಸಂಕಲನಕಾರ ಕತ್ತರಿ ಹಾಕುತ್ತಾನೆ. ಅರ್ಜುನ್‌ಗೆ ಕತ್ತರಿಯ ಹಂಗು ಕಡಿಮೆ. ಕ್ಯಾಮೆರಾ ದೂರ ನಿಂತು ಇಡೀ ಆಳನ್ನು ತೋರಿಸಿದಷ್ಟೂ ಅವರಿಗೆ ಲಾಭ. ಒದ್ದ ಮೇಲೆ ಕಾಲು ಮರಳಿ ನೆಲಕ್ಕೆ ಬರುವ ರೀತಿಯಲ್ಲೂ ಹದ ತಪ್ಪುವುದಿಲ್ಲ. ಕುಸ್ತಿ ಬಲ್ಲವರು ಮೆಚ್ಚುವುದು ಇದನ್ನೇ.

ಶುರುಮಾಡಲು ಕನ್ನಡದ್ದೇ ಆದ ‘ಪ್ರತಾಪ್’ (1990) ಇದೆ. ವಿ. ಸೋಮಶೇಖರ್ ನಿರ್ದೇಶನ, ಹಂಸಲೇಖ ಸಂಗೀತ, ಮಾಲಾಶ್ರೀ ಮತ್ತು ಸುಧಾರಾಣಿ ಜೊತೆಗೆ. ಕಥೆ ಆ ಕಾಲದ ಮಾಮೂಲಿ ಸರಕು, ಅದಕ್ಕಾಗಿ ನೋಡಬೇಕಾಗಿಲ್ಲ. ತಾಯ್ನುಡಿಯಲ್ಲಿ ಮಾತಾಡುತ್ತ ಹೊಡೆದಾಡುವ ಅರ್ಜುನ್ ಅಪರೂಪ, ಅದಕ್ಕಾಗಿ ನೋಡಿ.

ತಮಿಳು ನಿರ್ದೇಶಕ ಶಂಕರ್ ಅವರ ಮೊದಲ ಚಿತ್ರ ‘ಜಂಟಲ್‌ಮನ್’ (1993) ದೊಡ್ಡ ಗೆಲುವು. ಹಪ್ಪಳದ ವ್ಯಾಪಾರದ ಮರೆಯಲ್ಲಿ ದರೋಡೆ ಮಾಡುವವ ಅರ್ಜುನ್, ಬೆನ್ನುಹತ್ತುವ ಪೊಲೀಸ್ ಅಧಿಕಾರಿ ನಮ್ಮ ಬೆಳಗಾವಿಯ ಚರಣ್‌ರಾಜ್. ಇಬ್ಬರು ಕನ್ನಡಿಗರು ಮದ್ರಾಸಿನಲ್ಲಿ ತಮಿಳಿನಲ್ಲಿ ಒಬ್ಬರನ್ನೊಬ್ಬರು ಅಟ್ಟಾಡಿಸುವುದು ನನಗಂತೂ ಬೇರೆಯದೇ ಮಜಾ ಕೊಡುತ್ತದೆ. ‘ಮುದಲ್ವನ್’ (1999) ಬೇಕಾದರೆ ಹಿಂದಿಯ ‘ನಾಯಕ್’ ಜೊತೆಗಿಟ್ಟು ನೋಡಿ. ಒಂದು ದಿನದ ಮುಖ್ಯಮಂತ್ರಿಯ ಅದೇ ಕಥೆ, ಅದೇ ನಿರ್ದೇಶಕ, ಕೆಸರಿನ ಅದೇ ಹೊಡೆದಾಟ. ಅನಿಲ್ ಕಪೂರ್ ಮುಖದಲ್ಲಿ ಸಿಟ್ಟು ಚೆನ್ನಾಗಿ ತರುತ್ತಾರೆ. ಅರ್ಜುನ್ ಸಿಟ್ಟು ಭುಜ, ಬೆನ್ನುಗಳಲ್ಲಿ ಕಾಣುತ್ತದೆ.

ನನ್ನ ಲೆಕ್ಕದಲ್ಲಿ ಇವೆಲ್ಲಕ್ಕಿಂತ ತೂಕದ್ದು ‘ಕುರುದಿಪ್ಪುನಲ್’ (1995). ಗೋವಿಂದ ನಿಹಲಾನಿಯವರ ‘ದ್ರೋಹಕಾಲ್’ ಅನ್ನು ಪಿ.ಸಿ. ಶ್ರೀರಾಮ್ ತಮಿಳಿಗೆ ತಂದದ್ದು. ಹಾಡಿಲ್ಲ, ಹಾಸ್ಯದ ಪಟಾಲಮ್ಮಿಲ್ಲ. ಕಮಲ್ ಹಾಸನ್ ಎದುರು ಅಬ್ಬಾಸ್ ಎಂಬ ಪೊಲೀಸ್ ಅಧಿಕಾರಿಯಾಗಿ ಅರ್ಜುನ್ ತಮ್ಮ ವಿದ್ಯೆಯನ್ನು ಬಹುಪಾಲು ಬಿಗಿಹಿಡಿದೇ ಇಡುತ್ತಾರೆ. ಹೊಡೆಯಬಲ್ಲವನು ಹೊಡೆಯದೆ ಕೂತಾಗ ಬರುವ ಬಿಗುವು ಆ ಪಾತ್ರದ ಉದ್ದಕ್ಕೂ ಇದೆ. ಇವರನ್ನು ಬರೀ ಫೈಟಿನ ನಟ ಎಂದವರು ಈ ಚಿತ್ರ ನೋಡಿರಲಾರರು. ಕನ್ನಡದಲ್ಲಿ ಇದಕ್ಕೆ ಸರಿಹೊಂದುವುದು ‘ಪ್ರಸಾದ್’ (2012): ಕಿವಿ ಕೇಳದ, ಮಾತು ಬಾರದ ಮಗನ ಬಡ ಅಪ್ಪನ ಪಾತ್ರ. ಅದಕ್ಕೆ ರಾಜ್ಯ ಪ್ರಶಸ್ತಿ ಬಂತು. ಜನ ಬಂದದ್ದು ಕಡಿಮೆ.

ದೋಷಗಳೂ ಸಣ್ಣವಲ್ಲ. ತಾವೇ ನಿರ್ದೇಶಿಸಿದಾಗ ಅರ್ಜುನ್‌ಗೆ ಭಾಷಣದ ಚಟ. ‘ಜೈ ಹಿಂದ್’ (1994) ಚಿತ್ರದಲ್ಲಿ ಕೈದಿಗಳ ತಂಡ ಕಟ್ಟಿಕೊಂಡು ಭಯೋತ್ಪಾದಕರ ಮೇಲೆ ಬೀಳುವ ಕಥೆಗೆ ಒಳ್ಳೆ ಓಟವಿದೆ, ಆ ಓಟದಲ್ಲಿ ದೇಶಭಕ್ತಿಯ ಉದ್ಘೋಷವನ್ನು ಸಹಿಸಿಕೊಳ್ಳಬಹುದು. ಇಪ್ಪತ್ತು ವರ್ಷದ ನಂತರ ಬಂದ ‘ಅಭಿಮನ್ಯು’ (2014) ಶಿಕ್ಷಣದ ವ್ಯಾಪಾರದ ಬಗ್ಗೆ ಪಾಠ ಹೇಳುತ್ತ ಕೂರುತ್ತದೆ. ಒದೆತ ಬಂದಾಗಷ್ಟೇ ಜೀವ ಬರುತ್ತದೆ. ಅವರ ಬಹಳಷ್ಟು ಚಿತ್ರಗಳಲ್ಲಿ ನಾಯಕಿಯರಿಗೆ ಹಾಡು, ಅಳು ಬಿಟ್ಟರೆ ಕೆಲಸವಿಲ್ಲ. ‘ಪ್ರತಾಪ್’ನಲ್ಲಿ ಪಕ್ಕದಲ್ಲಿದ್ದ ಮಾಲಾಶ್ರೀ ಮುಂದೆ ತಾವೇ ಹೊಡೆದಾಟದ ನಾಯಕಿಯಾದರು ಎಂಬುದನ್ನು ನೆನೆದರೆ ಇದು ಇನ್ನಷ್ಟು ಕಣ್ಣಿಗೆ ಹೊಡೆಯುತ್ತದೆ.

ಈಗಿನ ಹುಡುಗರಿಗೆ ಸರ್ಜಾ ಎಂದರೆ ಸೋದರಳಿಯ ಧ್ರುವ. 2024ರ ‘ಮಾರ್ಟಿನ್’ಗೆ ಕಥೆ ಕೊಟ್ಟವರೂ ಅರ್ಜುನ್ ಅವರೇ. ಅದರಲ್ಲಿ ಮೈಕಟ್ಟು ಬೆಟ್ಟದಷ್ಟಿದೆ, ಸದ್ದು ಅದಕ್ಕಿಂತ ದೊಡ್ಡದಿದೆ, ಆದರೆ ಒಂದು ಏಟು ಎಲ್ಲಿ ಹುಟ್ಟಿ ಎಲ್ಲಿ ಮುಟ್ಟಿತೆಂದು ಗುರುತಿಸುವಷ್ಟು ಹೊತ್ತು ಯಾವ ದೃಶ್ಯವೂ ನಿಲ್ಲುವುದಿಲ್ಲ. ಸೋದರಮಾವನ ಕಥೆ ಸಿಕ್ಕಿತು, ಸೋದರಮಾವನ ಫೈಟ್ ಸಿಗಲಿಲ್ಲ.