ಪ್ರವಾಸಕಥನದಲ್ಲಿ ಬೈಲಕುಪ್ಪೆ

ಬೈಲಕುಪ್ಪೆಯ ಟಿಬೆಟನ್ನರ ಹಳ್ಳಿಗಳನ್ನು ಕುರಿತು ನಾವು ಓದಿದ ಪ್ರವಾಸಕಥನಗಳಲ್ಲಿ ಒಂದು ಕೊರತೆಯುಂಟು. ಲೇಖಕರು ನಾಮ್‌ಡ್ರೋಲಿಂಗ್ ವಿಹಾರದ ಹೊಂಬಣ್ಣದ ಬುದ್ಧಪ್ರತಿಮೆಗಳ ಮುಂದೆ ಪುಟಗಟ್ಟಲೆ ನಿಲ್ಲುತ್ತಾರೆ. ನಾಗರಹೊಳೆಯಲ್ಲಿ ಆನೆ ಕಂಡರಂತೂ ವರ್ಣನೆಯೆಲ್ಲ ತಮ್ಮ ಧೈರ್ಯದ್ದೇ! ಸಾಹಸ ನಿಜವಾಗಿ ಯಾರದು? 1959ರ ಬಳಿಕ ಹಿಮಾಲಯದ ಕಣಿವೆಗಳನ್ನು ದಾಟಿ ಬಂದು, ಮೈಸೂರು ಸರ್ಕಾರವಿತ್ತ ಪಿರಿಯಾಪಟ್ಟಣ ತಾಲ್ಲೂಕಿನ ಕಾಡುನೆಲವನ್ನು ಹಸನುಮಾಡಿ, ಆನೆಗಳ ಹಾವಳಿಯ ನಡುವೆ ಮೆಕ್ಕೆಜೋಳ ಬೆಳೆದವರದು. ಅವರು ಅಲ್ಲಿ ಶಾಲೆ ಕಟ್ಟಿ ತಾಯ್ನುಡಿಯನ್ನು ಉಳಿಸಿಕೊಂಡ ಬಗೆಗೆ ಈ ಕಥನಗಳಲ್ಲಿ ಒಂದು ಸಾಲು ದೊರೆತರೆ ಹೆಚ್ಚು. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದ ಆದವಾನಿಯ ಕನ್ನಡ ಉಪಾಧ್ಯಾಯರಾದ ನಾವು ಮೊದಲು ಹುಡುಕುವುದು ಅದನ್ನೇ. (ನಾವು ಊರು ಬಿಟ್ಟವರಲ್ಲ, ಗಡಿಗೆರೆ ಸರಿಯಿತು, ಅಷ್ಟೆ.) ನಮ್ಮ ವಿದ್ಯಾರ್ಥಿಗಳ ಕೈಯಲ್ಲಿಡಲು ಅಂಥ ಒಂದು ಪುಟ ನಮಗಿನ್ನೂ ಸಿಕ್ಕಿಲ್ಲ.