ಪಡಸಾಲೆಯಲ್ಲಿ ಎತ್ತದ ಕೂಸು

ಕಲಘಟಗಿ ತೊಟ್ಟಿಲಿನ ಕೀರ್ತಿ ಈಗ ಅದರ ತೂಕಕ್ಕಿಂತ ಹೆಚ್ಚಾಗಿದೆ. ಸಾಗವಾನಿ ಕಟ್ಟಿಗೆ, ಮಾಸದ ಬಣ್ಣ, ರಾಮಾಯಣ, ಕೃಷ್ಣಲೀಲೆ ಎಲ್ಲವನ್ನೂ ವರ್ಣಿಸಿದ್ದಾಗಿದೆ. ತೊಟ್ಟಿಲು ತವರಿನಿಂದ ಬರುತ್ತದೆ ಎಂದು ಬರೆದು ಕಣ್ಣು ತೇವ ಮಾಡಿಕೊಳ್ಳುವವರು ಅಲ್ಲಿಗೇ ನಿಲ್ಲುತ್ತಾರೆ. ನನ್ನ ತಕರಾರು ಅಲ್ಲಿಂದ ಶುರು. ಚೊಚ್ಚಲ ಹೆರಿಗೆ ತವರಿನಲ್ಲಿ, ಬಾಣಂತನ ತವರಿನಲ್ಲಿ, ತೊಟ್ಟಿಲು ತವರಿನದು. ಹೆಸರಿಡುವ ದಿನ ಕೂಸಿನ ಕಿವಿಯಲ್ಲಿ ಉಸುರುವವಳು ಸೋದರತ್ತೆ. ಅಂದರೆ ಅಪ್ಪನ ಪಾಲಿಗೆ ಉಳಿದಿದ್ದ ಒಂದು ಕೆಲಸವನ್ನೂ ಅವನ ಒಡಹುಟ್ಟಿದವಳೇ ಮುಗಿಸಿಬಿಡುತ್ತಾಳೆ. ಅವನು ಉಂಡು ಹೋಗುತ್ತಾನೆ.

ಇದಕ್ಕೆ ಸಿದ್ಧ ಉತ್ತರ ದುಡಿಮೆ. ಮಿಶ್ರಿಕೋಟಿಯಂಥ ಊರಲ್ಲಿ ಮುಂಗಾರಿಗೆ ಕೂರಿಗೆ ಹೂಡಿದವನಿಗೆ ಕೂಸು ಆಡಿಸಲು ಹೊತ್ತೆಲ್ಲಿ ಎನ್ನುತ್ತಾರೆ. ಹಾಗಾದರೆ ಬಿತ್ತುವ ಹೊಲವನ್ನೇ ನೋಡೋಣ. ಗಂಡಸು ಎತ್ತು ಹೊಡೆಯುತ್ತಾನೆ, ಹಿಂದೆ ಹೆಂಗಸು ಕಾಳು ಬಿಡುತ್ತಾಳೆ. ಬದುವಿನ ಮರಕ್ಕೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಕೂಸು ಅಳುತ್ತದೆ. ಕೂರಿಗೆ ನಿಲ್ಲುತ್ತದೆ, ಇಬ್ಬರ ಕೆಲಸವೂ ನಿಲ್ಲುತ್ತದೆ. ಮರದ ಕಡೆ ಓಡುವವಳು ಅವಳು. ಅವನು ಎತ್ತಿನ ಕೊರಳು ಸವರುತ್ತಾ ನಿಂತಿರುತ್ತಾನೆ. ಹಾಲೂಡಿಸಬೇಕಾದವಳು ಅವಳೇ ತಾನೇ, ನಿಜ. ಆದರೆ ಕೂಸು ಪ್ರತಿಸಲ ಹಸಿವಿಗೇ ಅಳುವುದಿಲ್ಲ.

ಮಧ್ಯ ಆಫ್ರಿಕದ ಆಕಾ ಜನರ ಬಗ್ಗೆ ಮಾನವಶಾಸ್ತ್ರಜ್ಞ ಬ್ಯಾರಿ ಹ್ಯೂಲೆಟ್ 1991ರಲ್ಲಿ ಪುಸ್ತಕ ಬರೆದರು. ಅಲ್ಲಿ ಅಪ್ಪಂದಿರು ದಿನದ ಶೇ. 47ರಷ್ಟು ಹೊತ್ತು ಕೂಸನ್ನು ಎತ್ತಿಕೊಂಡಿರುತ್ತಾರೆ, ಇಲ್ಲವೇ ಕೈಯಳತೆಯಲ್ಲಿರುತ್ತಾರೆ. ಗಂಡ ಹೆಂಡತಿ ಕೂಡಿಯೇ ಬಲೆ ಹಾಕಿ ಬೇಟೆಯಾಡುವುದು ಇದಕ್ಕೊಂದು ದೊಡ್ಡ ಕಾರಣ. ಕೂಡಿ ದುಡಿದರೆ ಅಪ್ಪನೂ ಕೂಸನ್ನು ಎತ್ತುತ್ತಾನೆ ಎಂಬ ಈ ಸೂತ್ರವನ್ನು ನಮ್ಮ ಪಂಡಿತರು ಎತ್ತಿಕೊಂಡು ಬಂದು ಇಲ್ಲಿ ಕೂರಿಸಿದರೆ ಕೂರುವುದಿಲ್ಲ. ನಮ್ಮಲ್ಲೂ ಇಬ್ಬರೂ ಒಂದೇ ಸಾಲಿನಲ್ಲಿದ್ದಾರೆ. ನಡುವೆ ಇರುವುದು ಬದುವಿನ ಮೇಲೆ ಕೂತ ಹಿರಿಯನ ಕಣ್ಣು.

ಆ ಕಣ್ಣಿನ ಕಟ್ಟಳೆಯನ್ನು ಬಿಡಿಸಿ ಓದಬೇಕು. ಹಿರಿಯರೆದುರು ತನ್ನ ಕೂಸನ್ನು ಎತ್ತಬಾರದು. ಇದರಲ್ಲಿ ‘ಎತ್ತಬಾರದು’ ಎಂಬುದಕ್ಕಿಂತ ‘ತನ್ನ’ ಎಂಬ ಪದಕ್ಕೇ ತೂಕ. ಅಣ್ಣನ ಕೂಸನ್ನು ಅದೇ ಪಡಸಾಲೆಯಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ತಿರುಗಬಹುದು, ಯಾರೂ ನಗುವುದಿಲ್ಲ. ತನ್ನದನ್ನು ಎತ್ತಿದರೆ ಮಾತ್ರ ನಾಚಿಕೆಗೇಡು. ಯಾಕೆಂದರೆ ಅದು ಹೆಂಡತಿಯ ಕಡೆಗಿನ ಒಲವನ್ನು ಅಪ್ಪ ಅವ್ವನ ಮುಂದೆ ಬಯಲು ಮಾಡಿದಂತೆ. ಅಡಗಿಸಬೇಕಾದ್ದು ದಾಂಪತ್ಯ, ಅದಕ್ಕೆ ದಂಡ ತೆರುವುದು ಕೂಸು. ರಾತ್ರಿ ಬಾಗಿಲು ಮುಚ್ಚಿದ ಮೇಲೆ ಅದೇ ಅಪ್ಪ ಅದರ ಅಂಗಾಲಿಗೆ ಮುತ್ತಿಡುತ್ತಾನೆ.

ಕೂಡುಕುಟುಂಬದ ಭಕ್ತರು ಇದನ್ನೇ ಹಿಡಿದು ‘ಒಂದು ಕೂಸಿಗೆ ನಾಲ್ಕು ಮಂದಿ ಅಪ್ಪಂದಿರು’ ಎಂದು ಹಾಡುತ್ತಾರೆ. ಹೊಗಳಿಕೆ ಪೂರ್ತಿ ಸುಳ್ಳಲ್ಲ. ಕಾಕಾ, ದೊಡ್ಡಪ್ಪಂದಿರ ಹೆಗಲು ನನಗೂ ಸಿಕ್ಕಿದೆ, ಅದರ ಬಿಸುಪು ಇನ್ನೂ ನೆನಪಿದೆ. ಆದರೆ ಹೆಗಲು ಹಗಲಿನದು. ಜ್ವರ ಬಂದ ಕೂಸಿನ ಕೂಡ ರಾತ್ರಿಯಿಡೀ ಕೂತವಳು ಒಬ್ಬಳೇ. ನಾಲ್ಕು ಅಪ್ಪಂದಿರಿದ್ದ ಮನೆಯಲ್ಲಿ ಹೇಸಿಗೆಯ ಬಟ್ಟೆ ತೊಳೆಯಲು ಒಬ್ಬ ಅಪ್ಪನೂ ಇರಲಿಲ್ಲ ಎಂಬುದನ್ನು ಈ ಭಕ್ತರು ಲೆಕ್ಕಕ್ಕೆ ಹಿಡಿಯುವುದಿಲ್ಲ. ರಜೆ ಕೊಟ್ಟರೂ ಇದು ನೀಗುವುದಿಲ್ಲ. ಕೇಂದ್ರ ಸರಕಾರಿ ನೌಕರನಿಗೆ ಈಗ 15 ದಿನಗಳ ಪಿತೃತ್ವ ರಜೆ ಇದೆ. ಬಾಣಂತಿ ತವರಿನಲ್ಲಿದ್ದರೆ ಆ ರಜೆಯಲ್ಲಿ ಅವನು ಮಾವನ ಮನೆಯ ಅತಿಥಿ, ಅಷ್ಟೇ.

ಅಡ್ಡಿ ದುಡಿಮೆಯದಲ್ಲ, ಹಿರಿಯರ ಕಣ್ಣಿನದು ಎಂಬ ನನ್ನ ತೀರ್ಪಿಗೆ ಸಾಕ್ಷಿ ಬೇಕೆಂದರೆ ಮುತ್ಯಾನನ್ನು ನೋಡಿ. ಸ್ವಂತ ಮಗನನ್ನು ಹಿರಿಯರೆದುರು ಮುಟ್ಟದೆ ಬೆಳೆಸಿದ ಅದೇ ಗಂಡಸು, ಅದೇ ಹೊಲ, ಅದೇ ದುಡಿಮೆ. ಮೊಮ್ಮಗಳು ಹುಟ್ಟಿದ್ದೇ ತಡ, ಅವಳನ್ನು ಬಗಲಿಗೇರಿಸಿಕೊಂಡು ಹನುಮಪ್ಪನ ಗುಡಿಕಟ್ಟೆಗೆ ಹೋಗುತ್ತಾನೆ. ಅವಳ ಮೂಗು ಒರೆಸುತ್ತಾನೆ, ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಉಣಿಸುತ್ತಾನೆ. ಈ ಕೈಗಳಿಗೆ ಇದೆಲ್ಲ ಯಾವಾಗ ಬಂತು? ಮೊದಲಿನಿಂದಲೂ ಬರುತ್ತಿತ್ತು. ಬದುವಿನ ಮೇಲೆ ಕೂತು ನೋಡುತ್ತಿದ್ದವರು ತೀರಿಕೊಂಡಿದ್ದಾರೆ, ಅಷ್ಟೇ ವ್ಯತ್ಯಾಸ. ಈಗ ನೋಡುವವನು ಅವನೇ. ಅವನ ಮಗ ಕೈ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ.

ವಸುದೇವನೂ ಕೂಸನ್ನು ಬುಟ್ಟಿಯಲ್ಲಿ ಹೊತ್ತು ಯಮುನೆ ದಾಟಿದ್ದು ಕಾವಲಿನವರು ಮಲಗಿದ ಮೇಲೆಯೇ.