ನವಿ ಮುಂಬಯಿಯ ನೆಲದ ಲೆಕ್ಕ

ಡೊಂಬಿವಲಿ, ಕಲ್ಯಾಣಗಳ ಇಕ್ಕಟ್ಟಿನಲ್ಲಿ ಬಾಳಿದವರಿಗೆ ನವಿ ಮುಂಬಯಿಯ ವಾಶಿ, ನೆರೂಲ್‌ಗಳ ಅಗಲ ರಸ್ತೆ, ಅಚ್ಚುಕಟ್ಟಾದ ಸೆಕ್ಟರುಗಳು ಹಿತವೆನಿಸುವುದು ಸಹಜ. ಆ ಅಚ್ಚುಕಟ್ಟಿಗೆ ಯಾರು ಬೆಲೆ ತೆತ್ತರು, ಯಾರಿಗೆ ಮನೆ ಸಿಕ್ಕಿತು ಎಂದು ವಿಚಾರಿಸಿದ ಗಂಭೀರ ಕೃತಿ ಅನ್ನಪೂರ್ಣಾ ಶಾ ಅವರ ‘ದಿ ಮೇಕಿಂಗ್ ಆಫ್ ನವಿ ಮುಂಬಯಿ’ (2004). ಕೋಲ್ಕತ್ತಾದ ಐಐಎಂನಲ್ಲಿ ಪ್ರಾಧ್ಯಾಪಕಿಯಾಗಿದ್ದ ಶಾ ಮೂಲತಃ ಭೂಗೋಳ ಓದಿದವರು. ಊರನ್ನು ಕಟ್ಟಡಗಳಿಂದ ಅಳೆಯದೆ ನೆಲದಿಂದ ಅಳೆಯುವ ಅವರ ಕ್ರಮಕ್ಕೆ ಈ ಹಿನ್ನೆಲೆಯೇ ಕಾರಣವಿರಬೇಕು.

ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ 1960ರ ದಶಕದಲ್ಲಿ ಮುಂದಿಟ್ಟ ಕನಸು ಉದಾತ್ತವಾಗಿತ್ತು. ಮುಂಬಯಿಯ ಭಾರ ಇಳಿಯಬೇಕು, ಹೊಸ ಊರಿನಲ್ಲಿ ಬಡವರಿಗೂ ಜಾಗವಿರಬೇಕು. ಆ ಊರನ್ನು ಕಟ್ಟಲು 1970ರಲ್ಲಿ ಸಿಡ್ಕೊ ಎಂಬ ಸರ್ಕಾರಿ ಸಂಸ್ಥೆ ಹುಟ್ಟಿತು. ಸುಮಾರು 344 ಚದರ ಕಿಲೋಮೀಟರ್ ಪ್ರದೇಶ ಯೋಜನೆಗೆ ಒಳಪಟ್ಟಿತು. ಹೊಸ ಊರಿನ ಬೇಲಾಪುರಕ್ಕೆ ಬರಬೇಕಿದ್ದ ಮಂತ್ರಾಲಯ, ಅಂದರೆ ರಾಜ್ಯದ ಸಚಿವಾಲಯ, ಮಾತ್ರ ದಕ್ಷಿಣ ಮುಂಬಯಿಯ ನರಿಮನ್ ಪಾಯಿಂಟ್ ಬಿಟ್ಟು ಕದಲಲಿಲ್ಲ.

ಬಡವರಿಗೂ ಜಾಗವೆಂಬ ಕನಸು ಎಡವಿದ್ದರ ಬೇರು ಹಣದ ಏರ್ಪಾಟಿನಲ್ಲಿತ್ತು. ರೈತರಿಂದ ನೆಲ ಪಡೆದು, ರಸ್ತೆ, ನೀರು, ಚರಂಡಿ ಒದಗಿಸಿ, ಪ್ಲಾಟು ಮಾರಿ, ಬಂದ ದುಡ್ಡಿನಲ್ಲೇ ಮುಂದಿನ ಬಡಾವಣೆ ಎಬ್ಬಿಸುವುದು ಸಿಡ್ಕೊದ ಪದ್ಧತಿ. ಬೊಕ್ಕಸಕ್ಕೆ ಹೊರೆಯಾಗದ ಜಾಣ ದಾರಿಯೇ ಸರಿ. ಆದರೆ ಪ್ಲಾಟಿನ ಬೆಲೆ ಏರಿದಷ್ಟೂ ಸಂಸ್ಥೆಗೆ ಲಾಭವಾದಾಗ, ಅಗ್ಗದ ಮನೆಯ ಮಾತು ಹಿಂದಕ್ಕೆ ಸರಿಯದೆ ಇದ್ದೀತೆ? ಕೆಳವರ್ಗದವರಿಗೆ ಸಿಡ್ಕೊ ಮನೆ ಕಟ್ಟಿದ್ದು ನಿಜ; ಊರು ಮಧ್ಯಮವರ್ಗದ ಕಡೆಗೆ ವಾಲಿದ್ದೂ ಅಷ್ಟೇ ನಿಜ. ಭೂಮಿ ಕೊಟ್ಟವರ ಸಿಟ್ಟು 1984ರ ಜನವರಿಯಲ್ಲಿ ಉರಣ ತಾಲೂಕಿನ ಜಾಸಯಿಯ ಬಳಿ ಸಿಡಿದಾಗ ಪೊಲೀಸರ ಗುಂಡಿಗೆ ಐವರು ಬಲಿಯಾದರು. ಕಳೆದುಕೊಂಡ ನೆಲದ ಶೇ. 12.5ರಷ್ಟನ್ನು ಅಭಿವೃದ್ಧಿಪಡಿಸಿ ಮರಳಿಸುವ ಯೋಜನೆ ರೈತ ನಾಯಕ ದಿ. ಬಾ. ಪಾಟೀಲರ ಮುಂದಾಳತ್ವದ ಆ ಹೋರಾಟದ ಫಲ.

ಪುಸ್ತಕದ ಮಿತಿಯೆಂದರೆ ಅದರ ಕಾಲ. ಇಂದು ವಾಶಿಯಲ್ಲಿ ನಿಂತು ನೋಡಿದರೆ ನೆಲದಷ್ಟೇ ನೀರಿನ ಕಥೆಯೂ ಕಾಣುತ್ತದೆ. ತಗ್ಗಿನ ಸೆಕ್ಟರುಗಳ ಮಳೆನೀರನ್ನು ಹಿಡಿದಿಡಲು ಖಾಡಿಯಂಚಿನಲ್ಲಿ ಕೊಳಗಳಿವೆ. ಭರತದಲ್ಲಿ ತೂಬಿನ ಬಾಗಿಲು ಮುಚ್ಚಿಕೊಳ್ಳಬೇಕು, ಇಳಿತದಲ್ಲಿ ತೆರೆದುಕೊಳ್ಳಬೇಕು. ಹೂಳು ತುಂಬಿ ಕಾಂಡ್ಲಾ ಬೆಳೆದರೆ ಈ ಲೆಕ್ಕವೇ ತಪ್ಪುತ್ತದೆ. ಠಾಣೆ ಖಾಡಿ 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು ರಾಮ್ಸಾರ್ ತಾಣವಾಯಿತು. ಉಲ್ವೆಯ ಗುಡ್ಡ ಕಡಿದು, ನದಿಯ ಪಾತ್ರ ತಿರುಗಿಸಿ ಕಟ್ಟಿದ ವಿಮಾನ ನಿಲ್ದಾಣ 2025ರಲ್ಲಿ ಉದ್ಘಾಟನೆಗೊಂಡಿತು. ಇವನ್ನೆಲ್ಲ ಒಳಗೊಂಡ ಇನ್ನೊಂದು ಸಂಪುಟ ಬರಬೇಕು.

ಕನ್ನಡಿಗರಿಗೂ ನೆಲದ ಈ ಲೆಕ್ಕ ದೂರದ ಸಂಗತಿಯಲ್ಲ. ಬೆಂಗಳೂರಿನ ಬಳಿಯ ದೇವನಹಳ್ಳಿಯಲ್ಲಿ 1,777 ಎಕರೆ ಭೂಮಿಯ ಸ್ವಾಧೀನವನ್ನು ರೈತರ ದೀರ್ಘ ಹೋರಾಟದ ನಂತರ ಕರ್ನಾಟಕ ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟಿತು. ಬೆಂಗಳೂರಿನ ಸುತ್ತ ಹೊಸ ಉಪನಗರಗಳ ನಕ್ಷೆ ಬಿಡಿಸುತ್ತಿರುವವರು, ಅದಕ್ಕೆ ಒಪ್ಪಿಗೆಯ ಸಹಿ ಹಾಕುವವರು ಮೊದಲು ಶಾ ಅವರ ಈ ಪುಸ್ತಕವನ್ನು ಓದಲಿ.